ಹುಂಡಿ, ಕೀರ್ದಿ, ಕಾಲಾಣೆ ಕಾರ್ಡು: ಹಳೆ ವ್ಯಾಪಾರದ ಕಾಗದ ಕೂಡಿಸುವವರಿಗೆ ಹನ್ನೆರಡು ಸೂತ್ರ

ಹತ್ತೊಂಬತ್ತನೆಯ ಶತಮಾನದ ವ್ಯಾಪಾರದ ಕಾಗದ ಎಂದರೆ ಏನೇನು? ಹುಂಡಿ, ಕೀರ್ದಿ, ಖಾತೆ ಪುಸ್ತಕ, ಸಾಲಪತ್ರ, ರಸೀದಿ, ಅಡತಿ ಅಂಗಡಿಯ ಪಟ್ಟಿ, ರೈಲ್ವೆ ಸಾಗಣೆ ಚೀಟಿ, ಮ್ಯಾಂಚೆಸ್ಟರ್ ಬಟ್ಟೆಯ ಥಾನಿಗೆ ಅಂಟಿಸಿ ಬರುತ್ತಿದ್ದ ಬಣ್ಣದ ಚಿತ್ರ, ಕಾರ್ಡಿನಲ್ಲಿ ಅವಸರದಿಂದ ಗೀಚಿದ ಮೆಣಸಿನ ಧಾರಣೆ. ಬರೆದವರಲ್ಲಿ ಒಬ್ಬನೂ ಇದು ಮೊಮ್ಮಕ್ಕಳ ಕಾಲಕ್ಕೂ ಉಳಿಯಲಿ ಎಂದು ಬರೆದವನಲ್ಲ. ಬಾಕಿ ತೀರಿದರೆ ಕಾಗದದ ಕೆಲಸವೂ ಮುಗಿಯಿತು. ಶಾಸನ ಹಾಕಿಸಿದ ರಾಜನ ಜಂಬ ಇವುಗಳಲ್ಲಿ ಇಲ್ಲದಿರುವುದು ಅದಕ್ಕೇ.

ಈ ಹವ್ಯಾಸಕ್ಕೆ ಬರುವ ಹೆಚ್ಚಿನವರು ಚೆಂದದ ಹಾಳೆಯ ಬೆನ್ನು ಹತ್ತುತ್ತಾರೆ: ರಾಣಿಯ ತಲೆ ಇರುವ ಛಾಪಾ ಕಾಗದ, ಲಕ್ಷ್ಮಿಯ ಚಿತ್ರದ ಲೇಬಲ್ಲು. ಕೊನೆಗೆ ಅವರ ಕೈಯಲ್ಲಿ ಉಳಿಯುವುದು ಒಂದು ಆಲ್ಬಮ್ಮು, ಅಷ್ಟೆ. ಗೆಲ್ಲುವವರು ಓದಬಲ್ಲವರು, ಗಂಟನ್ನು ಗಂಟಾಗಿಯೇ ಉಳಿಸಿಕೊಂಡವರು. ದುಡ್ಡು ಆಮೇಲಿನ ಮಾತು.

1. ಮೊದಲು ಬೇಲಿ ಹಾಕಿಕೊಳ್ಳಿ

"ಹಳೆಯದೆಲ್ಲ ಬೇಕು" ಎನ್ನುವವರ ಮನೆ ಬೇಗ ಗೋದಾಮಾಗುತ್ತದೆ. ಒಂದು ಊರು, ಒಂದು ಸರಕು ಅಥವಾ ಒಂದೇ ಬಗೆಯ ಕಾಗದ ಆರಿಸಿಕೊಳ್ಳಿ. ನಮ್ಮಲ್ಲೇ ಆಯ್ಕೆ ಬೇಕಾದಷ್ಟಿದೆ. ಧಾರವಾಡ, ಹುಬ್ಬಳ್ಳಿ, ಗದಗಿನ ಹತ್ತಿಯನ್ನೇ ತೆಗೆದುಕೊಳ್ಳಿ. 1861ರಲ್ಲಿ ಅಮೆರಿಕದ ಅಂತರ್ಯುದ್ಧ ಶುರುವಾಗಿ ಲ್ಯಾಂಕಾಶೈರ್ ಗಿರಣಿಗಳಿಗೆ ಅಲ್ಲಿಯ ಹತ್ತಿ ನಿಂತುಹೋಯಿತು. ಬೊಂಬಾಯಿಯಲ್ಲಿ ಧಾರಣೆ ಗಗನಕ್ಕೇರಿತು, ಅದರ ಬಿಸಿ ಈ ಸೀಮೆಯ ಎರೆಹೊಲದವರೆಗೂ ಬಂತು. 1865ರಲ್ಲಿ ಯುದ್ಧ ಮುಗಿದದ್ದೇ ತಡ, ಧಾರಣೆ ಕುಸಿದು ಬೊಂಬಾಯಿಯ ಷೇರುಪೇಟೆಯೇ ಮುಳುಗಿತು. ಆ ನಾಲ್ಕೈದು ವರ್ಷಗಳ ಹತ್ತಿ ಕಾಗದ ಮಾತ್ರ ಕೂಡಿಸುತ್ತೇನೆ ಎಂದು ಹಟ ಹಿಡಿದರೂ ಒಂದು ಆಯುಷ್ಯಕ್ಕೆ ಸಾಕು.

ಕರಾವಳಿಯವರಿಗೆ ಬಾಸೆಲ್ ಮಿಷನ್ ಇದೆ. 1841ರಲ್ಲಿ ಮಂಗಳೂರಿನ ಅಚ್ಚುಕೂಟ, 1865ರಲ್ಲಿ ಜೆಪ್ಪುವಿನ ಹೆಂಚಿನ ಕಾರ್ಖಾನೆ, ಜತೆಗೆ ನೇಯ್ಗೆ. ಇವು ಒಂದೊಂದೂ ತಮ್ಮದೇ ಬಿಲ್ಲು, ಚೀಟಿಗಳನ್ನು ಹೆತ್ತಿವೆ. ಕೋಲಾರದ ಕಡೆಯವರಿಗೆ ಗಣಿ ಕಂಪನಿಗಳ ಷೇರುಪತ್ರ. 1880ರಲ್ಲಿ ಹುಟ್ಟಿದ ಮೈಸೂರು ಗೋಲ್ಡ್ ಮೈನಿಂಗ್ ಕಂಪನಿಯ ಬಂಡವಾಳ ಲಂಡನ್ನಿನದು, ಹಾಗಾಗಿ ಆ ಕಾಗದವನ್ನು ಕೆಜಿಎಫ್‌ಗಿಂತ ಇಂಗ್ಲೆಂಡಿನ ವ್ಯಾಪಾರಿಗಳ ಪಟ್ಟಿಯಲ್ಲಿ ಹುಡುಕುವುದು ಜಾಣತನ.

2. ಗಂಟು ಬಿಚ್ಚುವ ಮೊದಲು ಯೋಚಿಸಿ

ಬಿಡಿ ಹಾಳೆ ಮೂಗ. ಅದೇ ಹಾಳೆ ತನ್ನ ಕಟ್ಟಿನೊಳಗಿದ್ದರೆ ಮಾತಾಡುತ್ತದೆ. ಐವತ್ತು ರೂಪಾಯಿಯ ಒಂದು ರಸೀದಿ ಏನೂ ಹೇಳುವುದಿಲ್ಲ. ಅದರ ಹಿಂದೆಯೇ ಸಾಲಪತ್ರ, ಮುಂದೆ ವಕೀಲನ ನೋಟೀಸು, ಅದಕ್ಕೊಂದು ಮರುಪತ್ರ, ಕೊನೆಗೆ ಚುಕ್ತಾ ಚೀಟಿ ಇದ್ದರೆ ಒಂದು ಮನೆತನದ ಹತ್ತು ವರ್ಷ ಕಣ್ಣಮುಂದೆ ಬರುತ್ತದೆ.

ಆದರೆ ಪೇಟೆಯಲ್ಲಿ ನಡೆಯುವುದು ಇದಕ್ಕೆ ಉಲ್ಟಾ. ಗಂಟು ಬಂದದ್ದೇ ವ್ಯಾಪಾರಿ ಅದನ್ನು ಮೂರು ಪಾಲು ಮಾಡುತ್ತಾನೆ. ಸ್ಟಾಂಪು ಇರುವ ಹಾಳೆ ಒಂದು ಕಡೆ, ಚಿತ್ರ ಇರುವುದು ಒಂದು ಕಡೆ, ಬರೀ ಬರಹ ಇರುವುದು ರದ್ದಿಗೆ. ಕೆಲವರು ಹುಂಡಿಯ ಮೇಲಿನ ಸ್ಟಾಂಪನ್ನು ಕತ್ತರಿಯಿಂದ ಚೌಕ ಕತ್ತರಿಸಿ ಅಂಚೆಚೀಟಿ ಸಂಗ್ರಾಹಕರಿಗೆ ಮಾರಿ, ಉಳಿದ ಹಾಳೆಯನ್ನು ಎಸೆಯುತ್ತಾರೆ. ಬಾಲ ಇಟ್ಟುಕೊಂಡು ಎಮ್ಮೆ ಬಿಟ್ಟ ಹಾಗೆ. ಇಡೀ ಗಂಟಿಗೆ ಚೌಕಾಸಿ ಮಾಡಿ. ಅರ್ಧ ಹಾಳೆ ಗೆದ್ದಲು ತಿಂದಿದ್ದರೂ ಸರಿ, ತನ್ನಿ. ಮನೆಗೆ ತಂದ ಮೇಲೆ ದಾರ ಬಿಚ್ಚುವ ಮೊದಲು ಫೋನಿನಲ್ಲಿ ಫೋಟೊ ಹಿಡಿಯಿರಿ. ಬಿಚ್ಚುತ್ತ ಹೋದಂತೆ ಮೇಲಿನಿಂದ ಕೆಳಕ್ಕೆ ಪ್ರತಿ ಹಾಳೆಯ ಮೂಲೆಗೆ ಮೆತ್ತನೆಯ ಪೆನ್ಸಿಲಿನಲ್ಲಿ ಸಣ್ಣ ಅಂಕಿ ಹಾಕಿ. ಆ ಕ್ರಮ ಕಳೆದರೆ ಮತ್ತೆ ಯಾರೂ ಕಟ್ಟಿಕೊಡಲಾರರು.

3. ಓದಲು ಕಲಿಯಿರಿ, ಅದೇ ನಿಮ್ಮ ಬಂಡವಾಳ

ಎಲ್ಲರಿಗೂ ಓದಲು ಬರುವ ಕಾಗದಕ್ಕೆ ಎಲ್ಲರೂ ಪೈಪೋಟಿ ಮಾಡುತ್ತಾರೆ. ಯಾರಿಗೂ ಓದಲಾಗದ ಗಂಟು ಮೂಲೆಯಲ್ಲಿ ಅಗ್ಗಕ್ಕೆ ಬಿದ್ದಿರುತ್ತದೆ. ಧಾರವಾಡ, ಬೆಳಗಾವಿ ಕಡೆಯ 19ನೆಯ ಶತಮಾನದ ಮೊದಲ ಭಾಗದ ದಫ್ತರ ಬಹುಪಾಲು ಮರಾಠಿ, ಅದೂ ಮೋಡಿ ಲಿಪಿಯಲ್ಲಿ. ಡೆಪ್ಯುಟಿ ಚನ್ನಬಸಪ್ಪನವರಂಥವರು ಕನ್ನಡ ಶಾಲೆಗಳಿಗಾಗಿ ಅಷ್ಟು ಬಡಿದಾಡಬೇಕಾಗಿ ಬಂದದ್ದು ಸುಮ್ಮನೆ ಅಲ್ಲ. ಮೋಡಿ ಕಲಿಸುವ ತರಗತಿಗಳು ಮಹಾರಾಷ್ಟ್ರದಲ್ಲಿ ಈಗಲೂ ನಡೆಯುತ್ತವೆ. ಕೆಲವು ತಿಂಗಳು ಬೆವರು ಸುರಿಸಿದರೆ ಕೈಗೆ ಹತ್ತುತ್ತದೆ.

ಮಾರವಾಡಿ ಸಾಹುಕಾರರ ಮಹಾಜನಿ ಬರಹ ಇನ್ನೂ ಕಷ್ಟ. ಸ್ವರಚಿಹ್ನೆಗಳನ್ನೇ ನುಂಗಿ ಬರೆಯುವ ಪದ್ಧತಿ ಅದು. "ಕಾಕಾಜಿ ಅಜಮೇರ ಗಯೇ" ಎಂದು ಬರೆದ ಕಾಗದವನ್ನು "ಕಾಕಾಜಿ ಆಜ ಮರ ಗಯೇ" ಎಂದು ಓದಿಕೊಂಡು ಮನೆಮಂದಿ ಗೋಳೋ ಎಂದು ಅತ್ತ ಕತೆಯನ್ನು ಆ ಸಮುದಾಯದವರೇ ನಗುತ್ತ ಹೇಳುತ್ತಾರೆ. ಇಂಥದನ್ನು ಪುಸ್ತಕ ನೋಡಿ ಕಲಿಯಲಾಗದು. ಹಳೆಯ ಗದ್ದಿಯಲ್ಲಿ ಕೂತು ಲೆಕ್ಕ ಬರೆದ ಹಿರಿಯರೊಬ್ಬರನ್ನು ಹುಡುಕಿ, ಅವರ ಪಕ್ಕ ಕೂತುಕೊಳ್ಳಿ. ಹಣ್ಣುಹಂಪಲು ಒಯ್ಯಿರಿ.

ಕನ್ನಡದ ಕೀರ್ದಿಯಾದರೆ ಇಷ್ಟು ಪಾಡಿಲ್ಲ. ಪುಟದ ನೆತ್ತಿಯಲ್ಲಿ ಶ್ರೀಕಾರ, ಕೆಳಗೆ ತಿಥಿ ವಾರ, ಎಡಕ್ಕೆ ಜಮಾ, ಬಲಕ್ಕೆ ಖರ್ಚು, ದಿನದ ಕೊನೆಗೆ ಶಿಲ್ಕು. ನಾಳೆಯ ಪುಟ ಆ ಶಿಲ್ಕಿನಿಂದಲೇ ಶುರು. ಹಾಳೆ ಹರಿದು ದಿಕ್ಕಾಪಾಲಾದ ಕೀರ್ದಿಯನ್ನು ಮತ್ತೆ ಜೋಡಿಸಲು ಇದಕ್ಕಿಂತ ಒಳ್ಳೆಯ ಉಪಾಯ ಇಲ್ಲ: ಇಂದಿನ ಶಿಲ್ಕು ನಾಳೆಯ ಜಮಾಕ್ಕೆ ಹೊಂದಿತೋ, ಹಾಳೆಗಳು ಅಕ್ಕಪಕ್ಕದವು. ಹಳೆಯ ವಹಿಗಳಲ್ಲಿ ಗೆರೆ ಎಳೆದಿರುವುದಿಲ್ಲ. ಹಾಳೆಯನ್ನು ಉದ್ದಕ್ಕೆ ಮಡಿಸಿ ಬಿಚ್ಚಿ, ಆ ಮಡಿಕೆಗಳನ್ನೇ ಅಂಕಣ ಮಾಡಿಕೊಂಡು ಮೊತ್ತ ಒಂದರಲ್ಲಿ, ವಿವರ ಇನ್ನೊಂದರಲ್ಲಿ ಬರೆಯುತ್ತಿದ್ದರು. ಸುಕ್ಕು ಎಂದುಕೊಂಡು ಇಸ್ತ್ರಿ ಹಾಕುವವರಿದ್ದಾರೆ. ಅವರ ಕೈ ತಡೆಯಿರಿ.

ಕಡತ ಸಿಕ್ಕರೆ ಮೈಯೆಲ್ಲ ಎಚ್ಚರ. ಬಟ್ಟೆಗೆ ಇದ್ದಿಲಪುಡಿ ಮತ್ತು ಹುಣಿಸೆಬೀಜದ ಅಂಟು ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಚಿದ ಕಪ್ಪು ಪುಸ್ತಕ ಅದು. ಬರೆಯುವುದು ಬಿಳಿ ಬಳಪದಲ್ಲಿ. ಶೃಂಗೇರಿ ಮಠದ ಕಡತಗಳ ಹೆಸರು ನೀವು ಕೇಳಿರಬಹುದು, ಅಂಗಡಿಕಾರರೂ ಇದನ್ನೇ ಬಳಸುತ್ತಿದ್ದರು. ಧೂಳು ಒರೆಸುತ್ತೇನೆ ಎಂದು ಒದ್ದೆ ಬಟ್ಟೆ ಆಡಿಸಿದರೆ ಲೆಕ್ಕವೆಲ್ಲ ಬಟ್ಟೆಗೆ ಬರುತ್ತದೆ, ಕಡತದಲ್ಲಿ ಏನೂ ಉಳಿಯುವುದಿಲ್ಲ.

4. ತಾರೀಖು ಬಿಡಿಸುವುದನ್ನು ಬೆರಳ ತುದಿಯಲ್ಲಿಟ್ಟುಕೊಳ್ಳಿ

ಶಾಲಿವಾಹನ ಶಕಕ್ಕೆ 78 ಕೂಡಿಸಿ. ಫಸಲಿಗೆ 590 ಕೂಡಿಸಿ. ಮರಾಠಿ ದಫ್ತರದ ಸುಹೂರ್ ಸನ್ನಿಗೆ 599. ವಿಕ್ರಮ ಸಂವತ್ತಿನಿಂದ 57 ಕಳೆಯಿರಿ. ಗುಜರಾತಿಗಳ ಹೊಸವರ್ಷ ದೀಪಾವಳಿಯ ಮರುದಿನ, ನಮ್ಮದು ಯುಗಾದಿಗೆ, ಫಸಲಿ ಬೇಸಿಗೆ ಕಳೆದ ಮೇಲೆ. ಆದ್ದರಿಂದ ವರ್ಷದ ಅಂಚಿನಲ್ಲಿ ಒಂದು ಅಂಕಿ ಆಚೀಚೆ ಆಗುತ್ತದೆ, ಗಾಬರಿ ಬೇಡ.

ತೊಡಕು ಇರುವುದು ಬರೀ ಸಂವತ್ಸರದ ಹೆಸರು ಬರೆದು ಬಿಟ್ಟ ಕಾಗದದಲ್ಲಿ. ಅರವತ್ತು ವರ್ಷಕ್ಕೊಮ್ಮೆ ಅದೇ ಹೆಸರು ತಿರುಗಿ ಬರುತ್ತದಲ್ಲ. "ಧಾತು ಸಂವತ್ಸರ" ಎಂದಿದೆ ಅನ್ನಿ. 1816 ಆಗಬಹುದು, 1876 ಆಗಬಹುದು, 1936 ಕೂಡ ಆಗಬಹುದು. ಈಗ ಒಳಗಿನ ಸಾಕ್ಷಿ ಹುಡುಕಿ. ಲೆಕ್ಕ ವರಹ, ಹಣಗಳಲ್ಲಿ ಇದೆಯೇ? ಮೊದಲನೆಯದರ ಕಡೆ ವಾಲಿ. ರೂಪಾಯಿ, ಆಣೆ, ಪೈ ಇದ್ದು ರಾಣಿಯ ತಲೆಯ ಸ್ಟಾಂಪು ಅಂಟಿದೆಯೇ? 1876.

ಅದು 1876 ಎಂದಾದರೆ ಆ ಹಾಳೆಯನ್ನು ಎರಡು ಸಲ ಓದಿ. ಹಳೇ ಮೈಸೂರಿನವರು ಇಂದಿಗೂ ಧಾತು-ಈಶ್ವರ ಬರ ಎನ್ನುವುದು ಅದೇ ವರ್ಷ, ಅದರ ಮರುವರ್ಷ. 1871ರ ಜನಗಣತಿಯಲ್ಲಿ 50 ಲಕ್ಷ ದಾಟಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ಕ್ಕೆ 42 ಲಕ್ಷಕ್ಕೂ ಕೆಳಗಿಳಿದಿತ್ತು. ಆ ಎರಡು ವರ್ಷದ ಕೀರ್ದಿ ಸಿಕ್ಕರೆ ರಾಗಿಯ ಧಾರಣೆಯನ್ನೂ ಅಡವು ಬಂದ ಪಾತ್ರೆ, ಒಡವೆಯ ಪಟ್ಟಿಯನ್ನೂ ತಿಂಗಳವಾರು ಬರೆದುಕೊಳ್ಳಿ. ಸರ್ಕಾರಿ ವರದಿ ಜಿಲ್ಲೆಯ ಲೆಕ್ಕ ಹೇಳುತ್ತದೆ. ಒಂದು ಬೀದಿಯ ಲೆಕ್ಕ ಕೀರ್ದಿಯಲ್ಲಿ ಮಾತ್ರ.

ತಾರೀಖೇ ಇಲ್ಲದಿದ್ದರೆ ಬೇರೆ ಗೂಟಗಳಿವೆ. ಉತ್ತರ ಕನ್ನಡ 1862ರಲ್ಲಿ ಮದರಾಸು ಪ್ರಾಂತದಿಂದ ಬೊಂಬಾಯಿಗೆ ಹೋಯಿತು. ಕಾರವಾರ, ಕುಮಟೆಯ ಕಾಗದದಲ್ಲಿ ಮದರಾಸಿನ ಹೆಸರಿದ್ದರೆ ಅದಕ್ಕೆ ಹಿಂದಿನದು. ಅಂಚೆಚೀಟಿಯ ಮೇಲೆ "ಈಸ್ಟ್ ಇಂಡಿಯಾ" ಎಂದಿದ್ದದ್ದು 1882ರಿಂದ ಬರೀ "ಇಂಡಿಯಾ" ಆಯಿತು. ಕಾಲಾಣೆಯ ಕಾರ್ಡು ಹುಟ್ಟಿದ್ದು 1879ರ ಜುಲೈ 1ರಂದು, ಅದಕ್ಕೂ ಮುಂಚಿನ ಕಾರ್ಡು ಎಂದು ಯಾರಾದರೂ ಮಾರಲು ಬಂದರೆ ನಕ್ಕು ಮುಂದೆ ನಡೆಯಿರಿ. ಮೈಸೂರಿನವರಿಗೆ ಇನ್ನೊಂದು ಗೂಟ: ಚಿಕ್ಕದೇವರಾಜ ಒಡೆಯರ ಕಾಲದಿಂದ ಬಂದ ಸಂಸ್ಥಾನದ ಸ್ವಂತ ಅಂಚೆ 1889ರಲ್ಲಿ ಬ್ರಿಟಿಷ್ ಇಂಡಿಯಾದ ಅಂಚೆಯೊಳಗೆ ಸೇರಿಹೋಯಿತು.

5. ಹುಂಡಿಯನ್ನು ಎರಡೂ ಬದಿ ಓದಿ

ಹೊಸಬರು ಹುಂಡಿಯನ್ನು ಚೆಕ್ಕಿನ ಅಜ್ಜ ಎಂದು ತಿಳಿದು, ಮೊತ್ತ ನೋಡಿ ಮಡಿಸಿಡುತ್ತಾರೆ. ನಿಧಾನವಾಗಿ ನೋಡಿದರೆ ಅದರಲ್ಲಿ ಒಂದು ಇಡೀ ಊರಿನ ನಂಬಿಕೆಯ ವ್ಯವಸ್ಥೆಯೇ ಇದೆ. ಮೊದಲು ದೇವರ ಹೆಸರು. ಆಮೇಲೆ ಯಾವ ಊರಿನ ಯಾವ ಅಂಗಡಿಗೆ ಎಂಬ ಒಕ್ಕಣೆ, ನಮಸ್ಕಾರ. ನಂತರ "ನಿಮ್ಮ ಮೇಲೆ ಹುಂಡಿ ಒಂದು ಮಾಡಿದೆ". ಮೊತ್ತವನ್ನು ಒಮ್ಮೆ ಬರೆದು ಬಿಡುವುದಿಲ್ಲ: ರೂಪಾಯಿ ಐನೂರು, ಅದರ ಅರ್ಧ ಇನ್ನೂರೈವತ್ತು, ಅದರ ಎರಡರಷ್ಟು ಕೊಡತಕ್ಕದ್ದು ಎಂದು ಸುತ್ತಿ ಸುತ್ತಿ ಹೇಳುತ್ತಾರೆ. ಹಿಂಬದಿಯಲ್ಲಿ ಒಂದು ಚೌಕ ಎಳೆದು ಅಂಕಿಯಲ್ಲಿ ಮತ್ತೊಮ್ಮೆ. ಒಂದು ಸೊನ್ನೆ ಸೇರಿಸಿ ಐದು ಸಾವಿರ ಮಾಡುವ ಕಳ್ಳ ಈಗ ಮೂರು ಕಡೆ ತಿದ್ದಬೇಕು. ಬ್ಯಾಂಕು ಕಾಣದ ಊರುಗಳಲ್ಲಿ ಈ ಬುದ್ಧಿ ಬೆಳೆದಿತ್ತು.

ಬಗೆಗಳನ್ನು ಗುರುತಿಸಿ. ಕಂಡ ಕೂಡಲೇ ಹಣ ಕೊಡಬೇಕಾದದ್ದು ದರ್ಶನಿ. ಇಷ್ಟು ದಿನದ ಮೇಲೆ ಎಂದಿದ್ದರೆ ಮುದ್ದತಿ. ಪೇಟೆಯಲ್ಲಿ ಮಾನ ಇರುವ ಶಾಹುವಿನ ಕೈಗೇ ಕೊಡಬೇಕು ಎಂದಿದ್ದರೆ ಶಾಹಜೋಗ. ಕದ್ದ ಹುಂಡಿ ತಂದವನನ್ನು ಇದು ಅಲ್ಲೇ ತಡೆಯುತ್ತಿತ್ತು, ಏಕೆಂದರೆ ಶಾಹು ತನ್ನ ಹೆಸರಿನ ಮೇಲೆ ಹೊಣೆ ಹೊರಬೇಕಿತ್ತು. ಜೋಖಮಿ ಹುಂಡಿ ಎಲ್ಲಕ್ಕಿಂತ ಮೋಜಿನದು: ಸರಕು ಸುರಕ್ಷಿತವಾಗಿ ಮುಟ್ಟಿದರೆ ಮಾತ್ರ ಹಣ, ದೋಣಿ ಮುಳುಗಿದರೆ ಹುಂಡಿಯೂ ಮುಳುಗಿತು. ಹುಂಡಿಯೊಳಗೇ ವಿಮೆ!

ಹುಂಡಿ ದಾರಿಯಲ್ಲಿ ಕಳೆದುಹೋದರೆ ಬರೆದುಕೊಡುತ್ತಿದ್ದ ಎರಡನೆಯ ಪ್ರತಿಗೆ ಪೈಠ್, ಅದೂ ಕಳೆದರೆ ಪರಪೈಠ್. ಇಂಥದು ಸಿಕ್ಕಾಗ "ನಕಲು" ಎಂದು ಬದಿಗೆ ತಳ್ಳಬೇಡಿ. ಎಲ್ಲೋ ಒಂದು ಟಪ್ಪಾಲು ತಪ್ಪಿದ ಕತೆ ಅದರ ಹಿಂದಿದೆ. ಜಿಕ್ರಿ ಚೀಟಿ ಎಂಬುದೂ ಕಣ್ಣಿಗೆ ಬೀಳಬಹುದು. ಹುಂಡಿ ಯಾರ ಮೇಲೆ ಬರೆದಿದೆಯೋ ಅವನು ಹಣ ಕೊಡದಿದ್ದರೆ ನೀವಾದರೂ ಕೊಟ್ಟು ನಮ್ಮ ಮಾನ ಉಳಿಸಿ ಎಂದು ಅದೇ ಊರಿನ ಇನ್ನೊಬ್ಬ ವರ್ತಕನಿಗೆ ಬರೆದ ಕಾಗದ ಅದು. ಹಣ ಪಾವತಿಯಾಗಿ ರದ್ದಾದ ಹುಂಡಿಗೆ ಖೋಖಾ ಎಂದು ಹೆಸರು. ಸಂಗ್ರಾಹಕರ ಕೈಗೆ ಬರುವುದು ಹೆಚ್ಚಾಗಿ ಇದೇ. 1881ರಲ್ಲಿ ಚೆಕ್ಕು, ಪ್ರಾಮಿಸರಿ ನೋಟುಗಳಿಗೆ ಕಾನೂನು ಮಾಡಿದ ಬ್ರಿಟಿಷರೂ ದೇಶೀ ಭಾಷೆಯ ಹುಂಡಿಗಳ ಸ್ಥಳೀಯ ರೂಢಿಯನ್ನು ಮುಟ್ಟದೆ ಬಿಟ್ಟರು.

ಹಿಂಬದಿಯಲ್ಲಿ ಬೇರೆ ಬೇರೆ ಕೈಬರಹ, ಬೇರೆ ಬೇರೆ ಲಿಪಿ ಕಂಡರೆ ಹುಂಡಿ ಕೈ ಬದಲಾಯಿಸುತ್ತ ಹೋದ ದಾರಿ ಅದು. ಊರುಗಳ ಹೆಸರು ಗುರುತು ಮಾಡಿ ನಕ್ಷೆಯ ಮೇಲೆ ಗೆರೆ ಎಳೆದು ನೋಡಿ.

6. ಸೇರು ಎಂದರೆ ಯಾವ ಸೇರು?

ರೂಪಾಯಿಗೆ 16 ಆಣೆ, ಆಣೆಗೆ 12 ಪೈ. ಇದು ಸುಲಭ. ತೂಕದಲ್ಲಿ ಎಡವುತ್ತೀರಿ. ಸರ್ಕಾರಿ ಪಕ್ಕಾ ಸೇರು 80 ತೊಲೆ, ಮೈಸೂರು ಸೀಮೆಯ ಕಚ್ಚಾ ಸೇರು ಸುಮಾರು 24 ತೊಲೆ. ಎರಡನ್ನೂ ಬರೀ "ಸೇರು" ಎಂದೇ ಬರೆಯುತ್ತಿದ್ದರು. ಬೆಲ್ಲ ಮೂರು ಪಟ್ಟು ತುಟ್ಟಿ ಕಂಡರೆ ಬರ ಬಂದಿತ್ತೆಂದು ಬರೆಯುವ ಮೊದಲು ಸೇರನ್ನು ನೋಡಿ. ಖಂಡುಗ, ಕೊಳಗಗಳಂತೂ ಊರಿಗೊಂದು. ಬುಕಾನನ್ 1800-01ರಲ್ಲಿ ಈ ಸೀಮೆಯಲ್ಲಿ ತಿರುಗಾಡಿ ಸಂತೆ ಸಂತೆಯ ಅಳತೆ ಬರೆದಿಟ್ಟಿದ್ದಾನೆ. ರೈಸ್‌ನ ಮೈಸೂರು ಗೆಜೆಟಿಯರ್, 1880ರ ದಶಕದ ಬೊಂಬಾಯಿ ಗೆಜೆಟಿಯರಿನ ಧಾರವಾಡ, ಬೆಳಗಾವಿ, ಕೆನರಾ ಸಂಪುಟಗಳ ಬಂಡವಾಳ, ವ್ಯಾಪಾರದ ಅಧ್ಯಾಯಗಳು ನಿಮ್ಮ ಮೇಜಿನ ಮೇಲೆ ಇರಲೇಬೇಕು. ಇಂಟರ್ನೆಟ್ಟಿನಲ್ಲಿ ಪುಕ್ಕಟೆ ಸಿಗುತ್ತವೆ.

7. ಬೆಳಕಿಗೆ ಹಿಡಿದು ನೋಡಿ

ಇಂಗ್ಲೆಂಡಿನ ಕಾಗದದಲ್ಲಿ 1794ರಿಂದ ವಾಟರ್‌ಮಾರ್ಕಿನೊಳಗೇ ಇಸವಿ ಹಾಕುವ ರೂಢಿ ಬಂತು, ರಫ್ತಿನ ಸುಂಕದ ರಿಯಾಯಿತಿಗಾಗಿ. ವ್ಯಾಟ್‌ಮನ್ ಎಂಬ ಹೆಸರಿನ ಕೆಳಗೆ 1829 ಎಂದು ಕಂಡರೆ ಬರಹ ಅದಕ್ಕಿಂತ ಹಿಂದಿನದಾಗಿರಲು ಸಾಧ್ಯವೇ ಇಲ್ಲ. ಕಿಟಕಿಯ ಗಾಜಿಗೆ ಹಾಳೆ ಒತ್ತಿ ಹಿಡಿದರೆ ಸಾಕು, ಯಂತ್ರ ಬೇಡ.

ಚಹಾ ನೀರಿನಲ್ಲಿ ಅದ್ದಿ ಹಳದಿ ಮಾಡಿದ ಮಾಲು ಮಾರುಕಟ್ಟೆಯಲ್ಲಿ ಸಾಕಷ್ಟಿದೆ. ನಿಜವಾಗಿ ಹಳೆಯದಾದ ಕಾಗದ ಅಂಚಿನಲ್ಲಿ ಹೆಚ್ಚು, ನಡುವೆ ಕಡಿಮೆ ಕಂದುತ್ತದೆ. ಚಹಾ ಎಲ್ಲ ಕಡೆ ಒಂದೇ ಸಮ ಹಿಡಿಯುತ್ತದೆ. ಇನ್ನೊಂದು ಪರೀಕ್ಷೆ ಮಡಿಕೆಯಲ್ಲಿ. ಬರೆದಾದ ಮೇಲೆ ಮಡಿಸಿದ ಹಾಳೆಯಲ್ಲಿ ಮಡಿಕೆಯ ಗೆರೆ ಅಕ್ಷರವನ್ನು ಮುರಿದು ಸಾಗುತ್ತದೆ. ಹಳೆ ಹಾಳೆಯ ಮೇಲೆ ಈಚೆಗೆ ಬರೆದಿದ್ದರೆ ಮಸಿ ಮಡಿಕೆಯ ಬಿರುಕಿನೊಳಗೆ ಇಳಿದು ಹಬ್ಬಿರುತ್ತದೆ. ನೋಟು ಪರೀಕ್ಷಿಸುವ ನೇರಳೆ ಟಾರ್ಚು ಒಂದು ಇಟ್ಟುಕೊಳ್ಳಿ. ಕತ್ತಲಲ್ಲಿ ಅದರ ಕೆಳಗೆ ನೀಲಿ-ಬಿಳಿಯಾಗಿ ಹೊಳೆಯುವ ಕಾಗದಕ್ಕೆ ಬಿಳುಪು ಹೆಚ್ಚಿಸುವ ರಾಸಾಯನಿಕ ಬೆರೆತಿದೆ. ಅದು 1950ರ ಆಸುಪಾಸಿನಿಂದ ಈಚಿನ ಸಂಗತಿ.

ಛಾಪಾ ಕಾಗದವಾದರೆ ಹಿಂದೆ ಮಾರಿದವನ ಷರಾ ಓದಿ: ನಂಬರು, ಕೊಂಡವನ ಹೆಸರು, ತಾರೀಖು. ಮಾರಿದ ತಾರೀಖಿಗಿಂತ ಮೊದಲೇ ಪತ್ರ ಬರೆದಿದ್ದರೆ ಕಾಗದವೇ ಕಳ್ಳ.

8. ಖಾಲಿ ಹಳೆ ಛಾಪಾ ಕಾಗದ ಮುಟ್ಟಬೇಡಿ

ಏನೂ ಬರೆಯದ ಹಳೆಯ ಸ್ಟಾಂಪು ಪೇಪರನ್ನು ಹುಡುಕಿಕೊಂಡು ಬರುವವರೆಲ್ಲ ಸಂಗ್ರಾಹಕರಲ್ಲ. ನಿವೇಶನದ ಸುಳ್ಳು ದಾಖಲೆ ಹುಟ್ಟಿಸುವವರಿಗೆ ಅದೇ ಕಚ್ಚಾ ಮಾಲು. ಕೊಳ್ಳಬೇಡಿ, ಮಾರಬೇಡಿ. ಗಂಟಿನ ಜತೆ ಬಂದೇ ಬಿಟ್ಟರೆ ಪೆನ್ಸಿಲಿನಲ್ಲಿ ಅಂಕಿ ಹಾಕಿ, ಫೋಟೊ ತೆಗೆದು ಗಂಟಿನಲ್ಲೇ ಇಡಿ.

9. ರದ್ದಿ ಅಂಗಡಿಯವನ ಸ್ನೇಹ ಬೆಳೆಸಿ

ಹರಾಜು ಮನೆಗಳು, ಅಂಚೆಚೀಟಿ ಮೇಳಗಳು, ಆನ್‌ಲೈನ್ ಮಾರಾಟ ಎಲ್ಲವೂ ಇವೆ. ಆದರೆ ಅಲ್ಲಿಗೆ ಬರುವ ಹೊತ್ತಿಗೆ ಗಂಟು ಒಡೆದಿರುತ್ತದೆ. ಅದಕ್ಕೂ ಹಿಂದಿನ ಮೆಟ್ಟಿಲಲ್ಲಿ ನಿಲ್ಲಬೇಕು: ಬೆಂಗಳೂರಿನ ಸಂಡೇ ಬಜಾರು, ಅವೆನ್ಯೂ ರಸ್ತೆಯ ಹಳೆ ಪುಸ್ತಕದ ಸಾಲು, ಹುಬ್ಬಳ್ಳಿಯ ಗುಜರಿಗಳು, ಮುಂಬಯಿಯ ಚೋರ್ ಬಜಾರು. ಹೋದಾಗ ಮೊದಲು ಕೇಳಬೇಕಾದದ್ದು ಬೆಲೆಯಲ್ಲ.

"ಅಣ್ಣಾ, ಈ ಗಂಟು ಎಲ್ಲಿಂದ ಬಂತು?"

"ಹಳೇ ಮನೆ ಸಾರ್, ಪೇಟೆ ಒಳಗೆ. ಕೆಡವ್ತಾ ಇದ್ದಾರೆ."

"ಇನ್ನೂ ಇದೆಯಾ ಅಲ್ಲಿ?"

"ನಾಡಿದ್ದು ಇನ್ನೊಂದು ಲೋಡ್ ಬರುತ್ತೆ."

ಇಷ್ಟೇ ಸಂಭಾಷಣೆಯಲ್ಲಿ ಗಂಟಿನ ಹುಟ್ಟೂರು ಗೊತ್ತಾಯಿತು, ಅದರ ಒಡಹುಟ್ಟಿದವು ನಾಡಿದ್ದು ಬರುವ ಸುದ್ದಿಯೂ ಸಿಕ್ಕಿತು. ಕೂಡಲೇ ಬರೆದುಕೊಳ್ಳಿ, ಸಂಜೆಗೆ ಮರೆಯುತ್ತದೆ. ರದ್ದಿಯವನಿಗೆ ತೂಕದ ಬೆಲೆಗಿಂತ ತುಸು ಹೆಚ್ಚು ಕೊಟ್ಟರೆ ಮುಂದಿನ ಸಲ ಅವನೇ ಫೋನು ಮಾಡುತ್ತಾನೆ. ತೀರ ಹಿಂಡಿ ಕೊಂಡವರಿಗೆ ಯಾರೂ ಫೋನು ಮಾಡುವುದಿಲ್ಲ.

10. ಚಿತ್ರಕ್ಕೆ ಮರುಳಾಗಿ, ಆದರೆ ಮಿತಿಯಲ್ಲಿ

ಥಾನಿನ ಮೇಲಿನ ಟೀಕಾಗಳು, ಅಂದರೆ ಆ ಬಣ್ಣದ ಲೇಬಲ್ಲುಗಳು, ನಿಜಕ್ಕೂ ಸುಂದರ. ಓದು ಬಾರದ ಗಿರಾಕಿಯೂ "ಆನೆ ಛಾಪಿನದು ಕೊಡು" ಎಂದು ಕೇಳಲಿ ಎಂದು ಮ್ಯಾಂಚೆಸ್ಟರಿನವರು ಕೃಷ್ಣನನ್ನೂ ಹುಲಿಯನ್ನೂ ಬಣ್ಣದ ಕಲ್ಲಚ್ಚಿನಲ್ಲಿ ಒತ್ತಿಸಿ ಕಳಿಸುತ್ತಿದ್ದರು. ನಮ್ಮ ನೆಲದಲ್ಲಿ 1894ರಲ್ಲಿ ರವಿವರ್ಮ ಅಚ್ಚುಕೂಟ ಶುರುವಾಗುವ ಮೊದಲೇ ಬಟ್ಟೆ ಅಂಗಡಿಯ ಗೋಡೆಯಲ್ಲಿ ದೇವರಿದ್ದರು. ಇವಕ್ಕೆ ಬೆಲೆ ಏರಿದೆ, ಮರುಮುದ್ರಣವೂ ಹೆಚ್ಚಿದೆ. ಭೂತಗನ್ನಡಿ ಹಿಡಿಯಿರಿ. ಕಲ್ಲಚ್ಚಿನಲ್ಲಿ ಬಣ್ಣದ ಚುಕ್ಕಿಗಳು ಅಡ್ಡಾದಿಡ್ಡಿ. ಸಾಲಾಗಿ ಜೇನುಗೂಡಿನಂತೆ ನಿಂತ ಚುಕ್ಕಿ ಕಂಡರೆ ಅದು ಇತ್ತೀಚಿನ ಆಫ್‌ಸೆಟ್ಟು.

11. ಕಾಪಾಡುವುದು: ಮಾಡಬಾರದ್ದೇ ಹೆಚ್ಚು

ಸೆಲೋ ಟೇಪು ಅಂಟಿಸಬಾರದು. ಲ್ಯಾಮಿನೇಷನ್ ಅಂಗಡಿಗೆ ಒಯ್ಯಬಾರದು, ಬಿಸಿ ಪ್ಲಾಸ್ಟಿಕ್ಕಿನಲ್ಲಿ ಒಮ್ಮೆ ಹುದುಗಿದ ಕಾಗದವನ್ನು ಮತ್ತೆ ಈಚೆ ತೆಗೆಯಲಾಗದು. ಸ್ಟೇಷನರಿ ಅಂಗಡಿಯ ವಾಸನೆ ಬರುವ ಪಿವಿಸಿ ಹಾಳೆ ಬೇಡ, ಪಾಲಿಯೆಸ್ಟರ್ ಹಾಳೆ ಕೇಳಿ. ತುಕ್ಕು ಹಿಡಿದ ಗುಂಡುಸೂಜಿಯನ್ನು ಎಳೆಯಬೇಡಿ, ಎರಡೂ ಕಡೆ ಸಡಿಲಿಸಿ ಹೊರಳಿಸಿ ತೆಗೆಯಿರಿ.

ಕೈಕಾಗದ ಗಟ್ಟಿ, ಚಿಂದಿ ಬಟ್ಟೆಯ ತಿರುಳಿನಿಂದ ಮಾಡಿದ್ದು. ಶತಮಾನದ ಕೊನೆಗೆ ಬಂದ ಮರದ ತಿರುಳಿನ ಅಗ್ಗದ ಕಾಗದದಲ್ಲಿ ಆಮ್ಲ ಇದೆ, ಬೆರಳು ತಾಗಿದರೆ ಹಪ್ಪಳ. ಎರಡನ್ನೂ ಒಟ್ಟಿಗೆ ಇಡಬೇಡಿ, ನಡುವೆ ಆಮ್ಲವಿಲ್ಲದ ಹಾಳೆ ಇರಲಿ. ಹಾಗೆಂದು ಗಂಟಿನ ಕ್ರಮ ಕೆಡಿಸಬೇಡಿ, ನಂಬರು ಹಾಕಿದ್ದೀರಲ್ಲ. ದೇಶೀ ದೀಪದ ಕಾಡಿಗೆಯ ಮಸಿ ನೂರೈವತ್ತು ವರ್ಷವಾದರೂ ಕಪ್ಪಗೇ ಇರುತ್ತದೆ, ಆದರೆ ನೀರು ಬಿದ್ದರೆ ಹರಿದುಹೋಗುತ್ತದೆ. ವಿಲಾಯತಿ ಕಬ್ಬಿಣದ ಶಾಯಿ ನೀರಿಗೆ ಅಷ್ಟಾಗಿ ಅಂಜದು, ಬದಲಿಗೆ ಅಕ್ಷರದ ಜಾಗದಲ್ಲೇ ಕಾಗದವನ್ನು ಒಳಗಿನಿಂದ ತಿನ್ನುತ್ತದೆ.

ಹುಳು ಬಿದ್ದ ಗಂಟನ್ನು ಗಾಳಿಯಾಡದ ಚೀಲದಲ್ಲಿ ಕಟ್ಟಿ ಎರಡು ವಾರ ಡೀಪ್ ಫ್ರೀಜರಿನಲ್ಲಿಡಿ. ಹೊರತೆಗೆದ ಮೇಲೆ ಒಂದು ದಿನ ಚೀಲ ಬಿಚ್ಚಬಾರದು, ಬಿಚ್ಚಿದರೆ ತೇವ ಒಳಗೆ ಕಟ್ಟುತ್ತದೆ. ಹಿಂದಿನವರು ಬಜೆಯ ತುಂಡು, ಬೇವಿನ ಸೊಪ್ಪು ಇಟ್ಟು ಕೆಂಪು ಬಟ್ಟೆಯಲ್ಲಿ ಕಟ್ಟುತ್ತಿದ್ದರು. ಬಜೆ ಈಗಲೂ ಗ್ರಂದಿಗೆ ಅಂಗಡಿಯಲ್ಲಿ ಸಿಗುತ್ತದೆ, ಕಾಗದಕ್ಕೆ ನೇರ ತಾಗದಂತೆ ಪೊಟ್ಟಣ ಕಟ್ಟಿ ಇಡಬಹುದು. ಮಲೆನಾಡು, ಕರಾವಳಿಯವರಿಗೆ ಹುಳುವಿಗಿಂತ ಮಳೆಗಾಲದ ಬೂಸ್ಟೇ ದೊಡ್ಡ ವೈರಿ. ಹೊರಗೋಡೆಗೆ ತಾಗಿದ ಬೀರು ಬೇಡ.

12. ಕಾನೂನು ತಿಳಿದಿರಲಿ, ಸ್ಕ್ಯಾನು ಸರಿಯಾಗಿರಲಿ

1972ರ ಪ್ರಾಚ್ಯವಸ್ತು ಕಾಯಿದೆಯ ಪ್ರಕಾರ ಐತಿಹಾಸಿಕ ಮಹತ್ವದ ಹಸ್ತಪ್ರತಿ, ದಾಖಲೆಗಳಿಗೆ 75 ವರ್ಷ ತುಂಬಿದರೆ ಅವು ಪ್ರಾಚ್ಯವಸ್ತು. ಖಾಸಗಿಯವರು ಅವನ್ನು ದೇಶದ ಹೊರಗೆ ಕಳಿಸುವಂತಿಲ್ಲ, ವ್ಯಾಪಾರ ಮಾಡುವವರಿಗೆ ಲೈಸೆನ್ಸು ಬೇಕು. ಅಮೆರಿಕದಲ್ಲಿರುವ ಭಾವಮೈದುನನಿಗೆ ಉಡುಗೊರೆಯಾಗಿ ಒಂದು ಹುಂಡಿ ಪೋಸ್ಟು ಮಾಡುವುದೂ ಇದರಲ್ಲಿ ಬಂತು. ತಾಲ್ಲೂಕು ಕಚೇರಿಯ ಮೊಹರು, ಫೈಲು ನಂಬರು ಇರುವ ಕಾಗದ ಗುಜರಿಯಲ್ಲಿ ಕಂಡರೆ ಇನ್ನಷ್ಟು ಎಚ್ಚರ. ಅದು ಸರ್ಕಾರದ ದಾಖಲೆ, ಹೇಗೆ ಹೊರಬಂತೋ ದೇವರೇ ಬಲ್ಲ. ಕೊಳ್ಳುವ ಬದಲು ವಿಧಾನಸೌಧದಲ್ಲಿರುವ ರಾಜ್ಯ ಪತ್ರಾಗಾರದವರಿಗೆ ತಿಳಿಸಿ.

ಕಾನೂನಿನಲ್ಲಿ ಬರೆಯದ ಒಂದು ಮಾತೂ ಇದೆ. ಸಾಲದ ಖಾತೆಯಲ್ಲಿರುವ ಹೆಸರುಗಳ ಮರಿಮಕ್ಕಳು ಅದೇ ಊರಿನಲ್ಲಿ ಇದ್ದಾರೆ. ಯಾರ ಮುತ್ತಜ್ಜ ಯಾರ ಬಳಿ ತಾಳಿ ಅಡವಿಟ್ಟಿದ್ದ ಎಂಬುದನ್ನು ಫೇಸ್‌ಬುಕ್ಕಿಗೆ ಹಾಕಿ ಲೈಕು ಎಣಿಸುವುದು ಸಂಗ್ರಹವಲ್ಲ. ಸಂಶೋಧಕರು ಕೇಳಿದರೆ ಮಾತ್ರ ಧಾರಾಳವಾಗಿ ತೋರಿಸಿ. ಧಾರಣೆಯ ಸಾಲು, ಬಡ್ಡಿಯ ದರ, ಸರಕಿನ ದಾರಿ ಅವರಿಗೆ ಬೇರೆಲ್ಲೂ ಸಿಗುವುದಿಲ್ಲ.

ಅದಕ್ಕಾಗಿ ಸ್ಕ್ಯಾನು ಮಾಡುವಾಗ ಕನಿಷ್ಠ 300 ಡಿಪಿಐ, ಬಣ್ಣದಲ್ಲೇ. ಪಕ್ಕದಲ್ಲಿ ಒಂದು ಅಳತೆಪಟ್ಟಿ ಇರಲಿ. ಅಂಚು ಕತ್ತರಿಸಬೇಡಿ, ಖಾಲಿ ಕಂಡರೂ ಹಿಂಬದಿಯನ್ನು ಬಿಡಬೇಡಿ. ಫೈಲಿನ ಹೆಸರಿಗೆ ಮೊದಲು ಗಂಟಿನ ಸಂಖ್ಯೆ, ಆಮೇಲೆ ಹಾಳೆಯ ಸಂಖ್ಯೆ.